ಸೋರುವುದು ಒಂದು, ಬದಲಿಸುವುದು ಇನ್ನೊಂದು

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ತಯಾರಾಗಿ 1998ರ ಮಾದರಿಯಾಗಿ ಮಾರುಕಟ್ಟೆಗೆ ಬಂದ ಲಿಂಕನ್ ನ್ಯಾವಿಗೇಟರ್ ಸಿರಿವಂತರ ಸವಾರಿಗೆಂದು ಮಾಡಿದ ಭಾರಿ ವಾಹನ. ಅದರ ಹಿಂಭಾಗದ ಭಾರವನ್ನು ಹೊರುವುದು ಉಕ್ಕಿನ ಸ್ಪ್ರಿಂಗಲ್ಲ. ಗಾಳಿ ತುಂಬಿದ ಎರಡು ರಬ್ಬರು ಚೀಲಗಳು. ಇದರಿಂದ ನಮಗೇನಾಗಬೇಕು ಎಂದು ವಾಚಕರು ಕೇಳಬಹುದು. ಇಂಥ ವಾಹನ ಹಳತಾದೊಡನೆ ಸಿರಿವಂತನು ಅದನ್ನು ಮಾರಿ ಕೈತೊಳೆದುಕೊಳ್ಳುತ್ತಾನೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಸಾಮಾನ್ಯನ ತಲೆಗೆ ರಿಪೇರಿಯ ಖರ್ಚು ಬರುತ್ತದೆ. ಆ ರಿಪೇರಿಯ ಕಥೆಯಲ್ಲಿ ಯಂತ್ರದೊಡನೆ ಬಾಳುವ ಎಲ್ಲರಿಗೂ ಪಾಠವಿದೆ.

ರಾತ್ರಿ ಸರಿಯಾಗಿ ನಿಂತ ವಾಹನ ಬೆಳಗಾಗುವಷ್ಟರಲ್ಲಿ ಹಿಂದೆ ಕುಸಿದಿರುತ್ತದೆ. ಗಾಳಿ ತುಂಬುವ ಕಂಪ್ರೆಸರ್ ಬಹಳ ಹೊತ್ತು ಗುಡುಗಿ ಅದನ್ನು ಎತ್ತುತ್ತದೆ. ಕೆಲವು ತಿಂಗಳಲ್ಲಿ ಕಂಪ್ರೆಸರೇ ಸುಟ್ಟುಹೋಗುತ್ತದೆ. ಆಗ ದೊಡ್ಡ ವರ್ಕ್‌ಷಾಪಿನವರು ಹೇಳುವುದೇನು? ಕಂಪ್ರೆಸರ್ ಕೆಟ್ಟಿದೆ, ಹೊಸದು ಹಾಕಿಸಿರಿ! ಹಾಕಿಸಿದ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ತಪ್ಪು ಕಂಪ್ರೆಸರಿನದಲ್ಲ. ಚೀಲದ ಮಡಿಕೆಯಲ್ಲಿ ರಬ್ಬರು ಬಿರುಕುಬಿಟ್ಟಿರುತ್ತದೆ, ಇಲ್ಲವೆ ವಾಲ್ವಿನ ರಬ್ಬರು ಉಂಗುರ ಸವೆದಿರುತ್ತದೆ. ಸೋರಿದಷ್ಟನ್ನೂ ತುಂಬಲು ಕಂಪ್ರೆಸರ್ ಹಗಲಿರುಳು ದುಡಿಯುತ್ತದೆ. ಗಾಳಿ ಬಂದ ದಾರಿಯಲ್ಲೇ ಹಿಂದಿರುಗಿದರೆ ತೇವ ಹೀರುವ ಡಬ್ಬಿ ಒಣಗುತ್ತದೆ. ಬಿರುಕಿನಿಂದ ಸೋರಿಹೋದರೆ ಆ ತೇವ ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಅತಿ ದುಡಿಮೆಯಿಂದ ಸತ್ತವನ ಮೇಲೆಯೇ ಅಪರಾಧ ಹೊರಿಸುವ ಈ ಪದ್ಧತಿ ಕಾರ್ಮಿಕರಿಗೆ ಹೊಸದೇನಲ್ಲ!

ಪರೀಕ್ಷೆಗೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಬಟ್ಟಲು ಸಾಬೂನು ನೀರು. ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ರಾತ್ರಿಯೂ ಬೆಳಿಗ್ಗೆಯೂ ಅಳೆಯಬೇಕು. ಒಂದೇ ಬದಿ ಕುಸಿದಿದ್ದರೆ ಮೊದಲ ಸಂಶಯ ಆ ಬದಿಯ ಚೀಲ ಮತ್ತು ವಾಲ್ವಿನ ಮೇಲೆ. ಗಾಳಿ ತುಂಬಿರುವಾಗ ಚೀಲ, ಕೊಳವೆ, ಕೀಲುಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಸದ್ದೇ ಮಾಡದಿದ್ದರೆ ಫ್ಯೂಸು, ರಿಲೇಗಳನ್ನು ನೋಡಬೇಕು. ಸೋರಿಕೆಯಿಲ್ಲದೆ ಎತ್ತರ ಮಾತ್ರ ತಪ್ಪಾಗಿದ್ದರೆ ಎತ್ತರ ಅಳೆಯುವ ಸೆನ್ಸಾರಿನ ಕಡ್ಡಿಯನ್ನು ನೋಡಬೇಕು. ಜಾಕ್ ಹಾಕುವ ಮೊದಲು ಗಾಳಿವ್ಯವಸ್ಥೆಯ ಸ್ವಿಚ್ಚನ್ನು ಆರಿಸಿ, ಗಟ್ಟಿಯಾದ ಆಸರೆ ಕೊಡದೆ ಯಾರೂ ಅಡಿಗೆ ಹೋಗಕೂಡದು. ಚೀಲ ಬಿಚ್ಚುವ ಮೊದಲು ಅದರ ಗಾಳಿಯನ್ನು ಪೂರ್ತಿ ಬಿಡಬೇಕು. ಎರಡು ಚೀಲಗಳಿಗೂ ಒಂದೇ ವಯಸ್ಸು. ಜೊತೆಯಾಗಿ ಬದಲಿಸುವುದೇ ಲೇಸು. ಹೊಸ ಚೀಲಕ್ಕೆ ಗಾಳಿ ತುಂಬುವ ಮೊದಲೇ ಭಾರ ಹೊರಿಸಿದರೆ ಅದು ತಪ್ಪು ಮಡಿಕೆಯಾಗಿ ಹರಿಯುತ್ತದೆ.

ಇಷ್ಟನ್ನು ಬೀದಿಬದಿಯ ಜಾಣ ಮೇಸ್ತ್ರಿಯೂ ಮಾಡಬಲ್ಲ. ಅವನನ್ನು ತಡೆಯುವುದು ಬೀಗ ಹಾಕಿದ ಜ್ಞಾನ. 1996ರಿಂದ ಅಮೆರಿಕದ ಕಾರುಗಳಲ್ಲಿ ಕಡ್ಡಾಯವಾದ ತಪಾಸಣೆಯ ವ್ಯವಸ್ಥೆ ಇರುವುದು ಮುಖ್ಯವಾಗಿ ಹೊಗೆಯ ನಿಯಂತ್ರಣಕ್ಕೆ. ಗಾಳಿಚೀಲದ ದೋಷಸಂಕೇತವನ್ನು ಸಾಮಾನ್ಯ ಉಪಕರಣ ಅನೇಕ ವೇಳೆ ಓದಲಾರದು. ಓದಬಲ್ಲ ಉಪಕರಣದ ಬೆಲೆ ಸಣ್ಣವನ ಕೈಗೆ ಎಟುಕದು.

ಈ ಬೀಗವನ್ನು ಒಡೆದವರು ಮತದಾರರು. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 2012ರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮತಗಳು ರಿಪೇರಿಯ ಹಕ್ಕಿನ ಪರ ಬಿದ್ದುವು. 2014ರಲ್ಲಿ ಕಾರು ತಯಾರಕರು ಅದೇ ಕ್ರಮವನ್ನು ದೇಶಕ್ಕೆಲ್ಲ ಒಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಜನ ಆ ಹಕ್ಕನ್ನು ಇನ್ನಷ್ಟು ವಿಸ್ತರಿಸಿದಾಗ ತಯಾರಕರ ಕೂಟ ನ್ಯಾಯಾಲಯದ ಮೆಟ್ಟಿಲೇರಿತು.

ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯದೇ, ಆದರೆ ತಾಣ ತೆರೆದ ಮಾತ್ರಕ್ಕೆ ಮೇಸ್ತ್ರಿಯ ಕೈಗೆ ಉಪಕರಣ ಬಂದಂತಾಗುವುದಿಲ್ಲ. ಕೈಪಿಡಿ, ದೋಷಸಂಕೇತ, ಬಿಡಿಭಾಗ ಇವು ನ್ಯಾಯವಾದ ಬೆಲೆಗೆ ಎಲ್ಲರಿಗೂ ಸಿಗಲೇಬೇಕೆಂದು ಶಾಸನವಾಗತಕ್ಕದ್ದು. ಟೆಂಪೋ ನಂಬಿದ ವ್ಯಾಪಾರಿಗೂ ಸ್ಕೂಟರ್ ನಂಬಿದ ಕಾರ್ಮಿಕನಿಗೂ ಇದರಲ್ಲಿ ಪಾಲಿದೆ.

ಅಲ್ಲಿಯವರೆಗೆ, ಯಾರಾದರೂ ದುಬಾರಿ ಭಾಗ ಬದಲಿಸಿರೆಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಸೋರಿಕೆ ಎಲ್ಲಿದೆ, ತೋರಿಸಿರಿ.