ಗಂಜ್ ಹೊಗಳುವವರ ಮನೆಯ ನಳ

ಬರದ ಬಗ್ಗೆ ನಾವು ಚೆನ್ನಾಗಿ ಬರೆಯುತ್ತೇವೆ. ವಿಜಯಪುರದವರಾದರಂತೂ ಕೇಳುವುದೇ ಬೇಡ. ಕೊಡ ಹೊತ್ತ ತಾಯಿ, ಬತ್ತಿದ ಬಾವಿ, ಬಿರುಕು ಬಿಟ್ಟ ಎರೆಹೊಲ ಕರೆಯದಿದ್ದರೂ ನಮ್ಮ ಕವಿತೆಗೆ ಬಂದು ಕೂಡುತ್ತವೆ. ನಾನೂ ನನ್ನ ಸಂಶೋಧನಾ ಪ್ರಬಂಧದಲ್ಲಿ ಬರದ ಕಥನಗಳ ಮೇಲೆ ಒಂದು ಅಧ್ಯಾಯ ಬರೆದೆ. ಬರೆಯುತ್ತಿದ್ದ ಅಷ್ಟೂ ತಿಂಗಳು ಬಾಡಿಗೆ ಕೋಣೆಯ ಬಚ್ಚಲಲ್ಲಿ ನಳ ತೊಟ್ಟಿಕ್ಕುತ್ತಿತ್ತು. ತಿಕೋಟಾ ಕಡೆಯ ನಮ್ಮೂರಿನಿಂದ ಬಂದ ಅವ್ವ ಒಂದು ರಾತ್ರಿ ಅಲ್ಲಿ ಮಲಗಿದ್ದಳು. ಬೆಳಿಗ್ಗೆ ಎದ್ದವಳೇ, "ತಮ್ಮಾ, ಈ ಸಪ್ಪಳಾ ನಿನಗ ಕೇಳಸೂದಿಲ್ಲೇನು?" ಅಂದಳು.

ನಾಚಿಕೆಯಿಂದ ನಳದ ಕೆಳಗೆ ಲೋಟ ಇಟ್ಟೆ. 10 ನಿಮಿಷಕ್ಕೆ 100 ಮಿಲಿಲೀಟರ್ ತುಂಬಿತು. ಅಂದರೆ ದಿನಕ್ಕೆ 14 ಲೀಟರಿಗೂ ಹೆಚ್ಚು, ವರ್ಷಕ್ಕೆ 5,000 ಲೀಟರಿಗೂ ಹೆಚ್ಚು. ಅವ್ವ ಹೊತ್ತು ತರುತ್ತಿದ್ದ ಕೊಡಗಳ ಲೆಕ್ಕದಲ್ಲಿ ದಿನಕ್ಕೊಂದು ಕೊಡವನ್ನು ನಾನು ಮೋರಿಗೆ ಸುರಿಯುತ್ತಿದ್ದೆ. ವಾಷರ್ ಬದಲಿಸಲು ಹಿಡಿದದ್ದು ಅರ್ಧ ತಾಸು.

ಈ ಊರಿನವರಿಗೆ ಇಂಥ ಅಲಕ್ಷ್ಯಕ್ಕೆ ನೆಪವೇ ಇಲ್ಲ. ತೊರವಿಯಿಂದ ಸುರಂಗದಲ್ಲಿ, 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಆದಿಲ್‌ಶಾಹಿಗಳು ನಗರಕ್ಕೆ ನೀರು ತಂದರು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಅದರಲ್ಲಿ ಏರಿ ಇಳಿಯುವಾಗ ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು, ಹೂಳು ತಳದಲ್ಲಿ ಕೂಡುತ್ತಿತ್ತು. ಕೊಳವೆ ಒಡೆಯಬಹುದು, ಹೂಳು ಕಟ್ಟಬಹುದು ಎಂಬುದನ್ನು ಅವರು ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿದಿದ್ದರು. ಅದೇ ಊರಿನಲ್ಲಿ 1620ರ ತಾಜ್ ಬಾವಡಿಯನ್ನು ನಾವು ಕಸದ ಗುಂಡಿ ಮಾಡಿ, ಆಮೇಲೆ ಹೂಳೆತ್ತಬೇಕಾಯಿತು. ಕಟ್ಟಿದವರ ಹೆಸರು ನಮಗೆ ಬಾಯಿಪಾಠ. ತೊಳೆದವರ ಹೆಸರು ಯಾರಿಗೂ ಬೇಡ.

ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆಗೆ ಕೃಷ್ಣೆಯ ನೀರು ಬಂದಾಗ ಸಂಭ್ರಮಿಸಿದೆವು. ಸಂಭ್ರಮಿಸಬೇಕಾದದ್ದೇ. ಆದರೆ ನೀರು ಬಂತೆಂದರೆ ಕೆಲಸ ಮುಗಿಯಿತು ಅಂದುಕೊಂಡದ್ದು ತಪ್ಪು. ತಿಕೋಟಾದ ದ್ರಾಕ್ಷಿ ರೈತನನ್ನು ನೋಡಿ. ಹನಿ ನೀರಾವರಿಯ ಪೈಪಿನ ಗುಂಟ ನಡೆದು ಎಲ್ಲಿ ಕಟ್ಟಿದೆ, ಎಲ್ಲಿ ಸೋರುತ್ತಿದೆ ನೋಡುತ್ತಾನೆ, ಫಿಲ್ಟರ್ ತೊಳೆಯುತ್ತಾನೆ. ಅದೇ ರೈತನ ಮನೆಯ ಮಾಳಿಗೆಯ ಟಾಕಿ ತುಂಬಿ ಅಂಗಳಕ್ಕೆ ಹರಿಯುತ್ತಿರುತ್ತದೆ. ಹೊಲದ ಹನಿಗೆ ಬೆಲೆ ಇದೆ. ಮನೆಯ ಹನಿ ಹೆಂಗಸರ ಪಾಲಿನದು, ಅದಕ್ಕೆ ಲೆಕ್ಕವಿಲ್ಲ.

'ಕೃಷಿಗೆ ಹೋಗುವ ನೀರಿನ ಮುಂದೆ ಮನೆಯ ನಳ ಯಾವ ಲೆಕ್ಕ?' ಎಂದು ಗೆಳೆಯರು ಕೇಳುತ್ತಾರೆ. ಹೆಚ್ಚಿನ ನೀರು ಕೃಷಿಗೇ ಹೋಗುತ್ತದೆ, ನಿಜ. ಆದರೆ ನಳದ ನೀರು ನದಿಯಿಂದ ಎತ್ತಿ, ಶುದ್ಧ ಮಾಡಿ, ವಿದ್ಯುತ್ ಸುಟ್ಟು ತಂದ ನೀರು. ನಾವು ಪೋಲು ಮಾಡಿದ್ದು ಪೈಪಿನ ಕೊನೆಯಲ್ಲಿರುವ ಓಣಿಗೆ ತಲುಪುವುದಿಲ್ಲ. ಅಲ್ಲಿ ಇವತ್ತಿಗೂ ಕೊಡಗಳು ಸಾಲು ಹಚ್ಚುತ್ತವೆ. 'ಅದು ಪ್ಲಂಬರ್ ಕೆಲಸ, ಸಾಹಿತ್ಯಕ್ಕೇನು ಸಂಬಂಧ?' ಎನ್ನುವವರಿಗೆ ಒಂದೇ ಮಾತು: ಬರ ಸಾಹಿತ್ಯದ ವಸ್ತುವಾದರೆ ವಾಷರ್ ಯಾಕಾಗಬಾರದು?

ಕೆಲಸ ದೊಡ್ಡದೇನಲ್ಲ. ಶಿವರಾತ್ರಿ ಮುಗಿದ ಕೂಡಲೇ ಎಲ್ಲ ನಳ ಬಂದ್ ಮಾಡಿ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬಿಸಿಲಿಗೆ ಬಿದ್ದ ಪೈಪು ಪೆಡಸಾಗಿ ಬಿರಿಯುತ್ತದೆ, ಮುಚ್ಚಿಡಿ. ಟಾಕಿ ತುಂಬಿದಾಗ ಒಳಗಿನ ತೇಲುಗುಂಡು ನೀರು ನಿಲ್ಲಿಸುತ್ತದೋ ಇಲ್ಲವೋ ನೋಡಿ. ಮಿರಗದ ಮಳೆಗೆ ಮೊದಲು ಮಾಳಿಗೆ ಗುಡಿಸಿ, ನೀರಿಳಿಯುವ ಪೈಪು ತೆರವು ಮಾಡಿ, ಟಾಕಿ ತೊಳೆಯಿರಿ. ಹಾಸ್ಟೆಲಿನಲ್ಲಿದ್ದರೆ ಸೋರುವ ನಳದ ಬಗ್ಗೆ ಅರ್ಜಿ ಬರೆಯಿರಿ, ಅದೂ ಬರವಣಿಗೆಯೇ.

ಬರದ ಬಗ್ಗೆ ಮುಂದಿನ ಕವಿತೆಗೆ ಕೂಡುವ ಮೊದಲು ಬಚ್ಚಲಿಗೆ ಹೋಗಿ 10 ನಿಮಿಷ ಲೋಟ ಇಟ್ಟು ಬನ್ನಿ.