ಆಟದ ಬಯಲೂ ಗೇಟಿನ ಬೀಗವೂ

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಿರ್ಮಿಸಿದ ಮಂಗಳೂರಿನ ಎಮ್ಮೆಕೆರೆಯ ಈಜುಕೊಳವು 2023ರಲ್ಲಿ ತೆರೆದಾಗ ನಾವೆಲ್ಲರೂ ಹರ್ಷಪಟ್ಟೆವು. ಕೇಂದ್ರದ ಆ ಯೋಜನೆ 2025ರ ಮಾರ್ಚ್‌ನಲ್ಲಿ ಮುಗಿದಿದೆ. ಕಟ್ಟಲು ಅನುದಾನ ಒಮ್ಮೆ ಬರುತ್ತದೆ; ನೀರಿನ ಶುದ್ಧೀಕರಣ, ವಿದ್ಯುತ್ತು, ಕಾವಲುಗಾರನ ಸಂಬಳಗಳಿಗೆ ವರ್ಷವರ್ಷವೂ ಹಣ ಬೇಕು. ಅದನ್ನು ಪ್ರವೇಶ ಶುಲ್ಕದಿಂದಲೇ ಭರಿಸಹೊರಟರೆ ಬಡವರ ಮಕ್ಕಳು ಹೊರಗೇ ಉಳಿಯುವರು. ಆದುದರಿಂದ ಮಹಾನಗರಪಾಲಿಕೆಯು ಆಸ್ತಿ ತೆರಿಗೆಯ ಒಂದು ನಿಶ್ಚಿತ ಪಾಲನ್ನು ಉದ್ಯಾನ, ಕ್ರೀಡಾಂಗಣಗಳ ನಿರ್ವಹಣೆಗೆಂದೇ ಮೀಸಲಿಡಬೇಕು. ಅದಕ್ಕಾಗಿ ತೆರಿಗೆ ತುಸು ಏರಿದರೂ ನಾವು ಗೊಣಗಬಾರದು.

ಆದರೆ ಹೊಸ ಬಯಲುಗಳಿಗೆ ನಗರದೊಳಗೆ ಜಾಗವೆಲ್ಲಿ? ಉದ್ಯಾನ, ಆಟದ ಬಯಲುಗಳ ಸಂರಕ್ಷಣೆಗಾಗಿರುವ 1985ರ ರಾಜ್ಯ ಕಾಯ್ದೆ ಇದ್ದುದನ್ನು ಉಳಿಸೀತು, ಇಲ್ಲದುದನ್ನು ಕೊಡಲಾರದು. ನಮ್ಮ ಚರ್ಚುಗಳಿಗೂ ಶಾಲೆಗಳಿಗೂ ವಿಶಾಲ ಮೈದಾನಗಳಿವೆ. ಹಿರಿಯರು ದೂರದೃಷ್ಟಿಯಿಂದ ಬಿಟ್ಟುಹೋದ ಜಾಗಗಳವು. ಸಂಜೆಯಾಯಿತೆಂದರೆ ಅವುಗಳಲ್ಲಿ ಎಷ್ಟಕ್ಕೆ ಬೀಗ! ಕಿಟಕಿಯ ಗಾಜು ಒಡೆದೀತು, ಜಗಳವಾದೀತು ಎಂಬ ಭಯ ನಿರಾಧಾರವೇನಲ್ಲ. ಅದಕ್ಕಾಗಿ ಪಾಲಿಕೆಯೇ ದೀಪವನ್ನೂ ಕಾವಲುಗಾರನನ್ನೂ ಒದಗಿಸಲಿ. ನಾವು ದಿನವೂ ಸಂಜೆ ಎರಡು ಗಂಟೆ, ರವಿವಾರ ಬಲಿಪೂಜೆಯ ಬಳಿಕ, ನೆರೆಹೊರೆಯ ಎಲ್ಲ ಮಕ್ಕಳಿಗೂ ಮತಭೇದವಿಲ್ಲದೆ ಗೇಟು ತೆರೆಯೋಣ. ಮುಂದಿನ ಚರ್ಚ್ ಪಾಲನಾ ಪರಿಷತ್ತಿನ ಸಭೆಯಲ್ಲಿ ಈ ವಿಷಯವನ್ನೊಮ್ಮೆ ಎತ್ತಬಾರದೇ?