‘ಜೀವನ ಚೈತ್ರ’ ಮುಚ್ಚಿಸದ ಅಂಗಡಿ

1992ರಲ್ಲಿ ‘ಜೀವನ ಚೈತ್ರ’ ಚಲನಚಿತ್ರ ತೆರೆಕಂಡಾಗ ರಾಜಘಟ್ಟದಿಂದ ದೊಡ್ಡಬಳ್ಳಾಪುರಕ್ಕೆ ಹೋಗಿ ಅದನ್ನು ನೋಡಿಬಂದವರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬರು. ಕೂಲಿಗೆ ಮಗ್ಗ ನಡೆಸಿ ಸಂಸಾರ ಸಾಗಿಸುತ್ತಿದ್ದ ಅವರು ಆ ಭಾನುವಾರ ಪೂಜೆ ಮುಗಿದ ಮೇಲೆ ಚಿಕ್ಕಮ್ಮನನ್ನೂ ಮಕ್ಕಳನ್ನೂ ನನ್ನನ್ನೂ ನೇರವಾಗಿ ಚಿತ್ರಮಂದಿರಕ್ಕೆ ಕರೆದೊಯ್ದಿದ್ದರು. ರಾಜಕುಮಾರ್ ಅವರು ಸಾರಾಯಿಯ ವಿರುದ್ಧ ನಿಂತು ಮಾತನಾಡುವ ದೃಶ್ಯಕ್ಕೆ ಮಂದಿರವೆಲ್ಲ ಚಪ್ಪಾಳೆ ತಟ್ಟಿತು. ಚಿಕ್ಕಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಸಂಜೆ ಊರಿನಲ್ಲಿ ಬಸ್ಸಿನಿಂದ ನಮ್ಮನ್ನು ಇಳಿಸಿದವರೇ, “ನೀವು ನಡೀತಾ ಇರಿ, ನಾನು ಹಿಂದೇನೇ ಬರ್ತೀನಿ” ಎಂದು ಹೇಳಿ ಸಾರಾಯಿ ಅಂಗಡಿಯ ದಾರಿ ಹಿಡಿದರು.

ನಮ್ಮ ಬಂಧುಬಳಗದಲ್ಲಿ ಇದನ್ನು ಇಂದಿಗೂ ನಗೆಹನಿಯಂತೆ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಗು ಕಂಡದ್ದಿಲ್ಲ. ವರ್ಷಕ್ಕೊಮ್ಮೆ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ವೇದಿಕೆಗಳಲ್ಲಿ ಯಾರಾದರೊಬ್ಬರು ಎದ್ದುನಿಂತು, “ಈ ಒಂದು ಚಿತ್ರವನ್ನು ನೋಡಿ ಎಷ್ಟೋ ಹಳ್ಳಿಗಳಲ್ಲಿ ಜನ ಸಾರಾಯಿ ಅಂಗಡಿ ಮುಚ್ಚಿಸಿದರು, ಎಷ್ಟೋ ಮಂದಿ ಕುಡಿತ ಬಿಟ್ಟರು” ಎಂದು ಹೇಳುತ್ತಾರೆ. ಹಾಗೆ ಬಿಟ್ಟವರು ಇದ್ದರೆ ಅವರಿಗೆ ನನ್ನ ನಮಸ್ಕಾರ. ಆದರೆ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಟವೆಲು ನೆನಪಾಗುತ್ತದೆ. ಮೂವತ್ತು ವರ್ಷಗಳಿಗೂ ಮೀರಿ ನಾವು ಈ ಕಥೆಯನ್ನು ಹೇಳಿಕೊಂಡು ಬಂದಿರುವುದು ನಮ್ಮ ಸಮಾಧಾನಕ್ಕಾಗಿಯೇ ಎಂಬ ಸಂಶಯ ನನ್ನದು.

ಚಿತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ‘ವ್ಯಾಪ್ತಿ-ಪ್ರಾಪ್ತಿ’ ಕಾದಂಬರಿಯನ್ನು ಆಧರಿಸಿ ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ ಈ ಚಿತ್ರದ ಮೂಲಕ ರಾಜಕುಮಾರ್ ಸುಮಾರು ಮೂರು ವರ್ಷಗಳ ವಿರಾಮದ ನಂತರ ತೆರೆಗೆ ಮರಳಿದ್ದರು. ಉಪೇಂದ್ರಕುಮಾರ್ ಸಂಗೀತ ನೀಡಿದ ಒಂದು ಹಾಡಿಗಾಗಿ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಅಷ್ಟು ದೊಡ್ಡ ನಟರೊಬ್ಬರು ತಮ್ಮ ಪುನರಾಗಮನಕ್ಕೆ ಮದ್ಯದ ಪಿಡುಗನ್ನು ವಸ್ತುವನ್ನಾಗಿ ಆರಿಸಿಕೊಂಡದ್ದು ಸಣ್ಣ ಮಾತಲ್ಲ. ಕುಡುಕನನ್ನು ತೂರಾಡಿಸಿ, ಚರಂಡಿಗೆ ಬೀಳಿಸಿ, ಹೆಂಡತಿಯಿಂದ ಪೊರಕೆಯೇಟು ತಿನ್ನಿಸಿ ನಗಿಸುವುದೇ ಕನ್ನಡ ಚಿತ್ರಗಳ ಹಾಸ್ಯಭಾಗದ ಪದ್ಧತಿಯಾಗಿದ್ದಾಗ, ಕುಡಿತವು ಮನೆ ಮುರಿಯುವ ವಿಷಯವೆಂದು ಈ ಚಿತ್ರ ಗಂಭೀರವಾಗಿ ಹೇಳಿತು. ಆ ಪದ್ಧತಿ ಇಂದಿಗೂ ಹೋಗಿಲ್ಲ. ಪರದೆಯ ಮೂಲೆಯಲ್ಲಿ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಣ್ಣ ಅಕ್ಷರಗಳನ್ನು ಮೂಡಿಸಿ, ಅದರ ಮೇಲೆಯೇ ಬಾರಿನಲ್ಲಿ ಕುಣಿಯುವ ಹಾಡನ್ನು ನಮ್ಮ ಮಕ್ಕಳಿಗೆ ತೋರಿಸಲಾಗುತ್ತಿದೆ.

ನನ್ನ ತಕರಾರು ಚಿತ್ರ ಕೊಟ್ಟ ಪರಿಹಾರದ ಮೇಲೆ. ಅಲ್ಲಿ ಊರಿಗೊಬ್ಬ ಜಮೀನುದಾರ, ಆತ ಸತ್ಯವಂತ, ಗಂಭೀರ ಕಂಠದವ. ಊರ ಹಿತಕ್ಕಾಗಿ ಆತ ಎದ್ದುನಿಂತರೆ ಮದ್ಯಕ್ಕೆ ಉಳಿಗಾಲವಿಲ್ಲ. ಇದನ್ನು ನೋಡಿದ ನಾವು ಎರಡು ಪಾಠಗಳನ್ನು ಕಲಿತೆವು. ಅಂಗಡಿ ಮುಚ್ಚಿಸಲು ಒಬ್ಬ ದೊಡ್ಡ ಮನುಷ್ಯ ಬರಬೇಕು ಎಂಬುದು ಒಂದು. ಕುಡಿಯುವವನಿಗೆ ಮಾನ-ಮರ್ಯಾದೆಯ ಅರಿವಾದರೆ ಕುಡಿತ ತಾನಾಗಿ ನಿಲ್ಲುತ್ತದೆ ಎಂಬುದು ಇನ್ನೊಂದು. ಈ ಎರಡೂ ತಪ್ಪು ಪಾಠಗಳು, ಮತ್ತು ಈ ಚಿತ್ರ ನಮ್ಮ ಮನೆಗಳಲ್ಲಿ ಉಳಿಸಿದ ಬಾಳಿಕೆಯ ಪರಿಣಾಮವೆಂದರೆ ಇವೇ.

ಅಂಗಡಿಯ ಮಾತನ್ನು ಮೊದಲು ನೋಡೋಣ. ಅದೇ 1992ರಲ್ಲಿ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ತಮ್ಮೂರಿನ ಸಾರಾಯಿ ಅಂಗಡಿಯನ್ನು ತಾವೇ ಮುಚ್ಚಿಸಿದರು. ಅವರಿಗೆ ಸ್ಫೂರ್ತಿಯಾದದ್ದು ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯ ಪುಸ್ತಕದಲ್ಲಿದ್ದ ಒಂದು ಪಾಠ. ಸೀತಮ್ಮ ಎಂಬ ಹಳ್ಳಿಯ ಹೆಣ್ಣಿನ ಕಥೆ ಅದು. ಅಕ್ಷರ ಕಲಿಯಲು ಬಂದ ಕೂಲಿ ಹೆಂಗಸರು ಅದನ್ನು ಓದಿ, ಇದು ನಮ್ಮದೇ ಕಥೆಯಲ್ಲವೇ ಎಂದು ಎದ್ದರು. ಅವರ ನಾಯಕಿ ರೋಸಮ್ಮನವರ ಬಳಿ ಜಮೀನುದಾರಿಕೆಯೂ ಇರಲಿಲ್ಲ, ಹಿನ್ನೆಲೆ ಸಂಗೀತವೂ ಇರಲಿಲ್ಲ. ಆ ಕಿಡಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಸಂಪೂರ್ಣ ಪಾನನಿಷೇಧವೂ ಬಂತು. ಬೊಕ್ಕಸದ ಕೊರತೆಯ ಕಾರಣ ಹೇಳಿ ಸರ್ಕಾರ 1997ರಲ್ಲಿ ಅದನ್ನು ಸಡಿಲಿಸಿತು.

ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅಷ್ಟರಲ್ಲಿ ಚಿತ್ರ ಬಂದು ಹದಿನೈದು ವರ್ಷ ಕಳೆದಿತ್ತು, ರಾಜಕುಮಾರ್ ಅವರು ತೀರಿಕೊಂಡು ಒಂದು ವರ್ಷ ದಾಟಿತ್ತು. ಆ ದಿನ ನಮ್ಮಲ್ಲಿ ಅನೇಕರು ಗೆದ್ದೆವೆಂದುಕೊಂಡೆವು. ಮರುವರ್ಷ ಮೇ ತಿಂಗಳಿನಲ್ಲಿ ಬೆಂಗಳೂರಿನ ಆಸುಪಾಸು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಪ್ರದೇಶಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರರಷ್ಟು ಜನ ಬಲಿಯಾದದ್ದನ್ನು ಆ ವೇಳೆಗೆ ಎಲ್ಲರೂ ಮರೆತಿದ್ದರು. ಉಳಿದವರು ಸಾರಾಯಿ ಪ್ಯಾಕೆಟ್ಟನ್ನು ಬಿಟ್ಟು ಅಗ್ಗದ ವಿಸ್ಕಿಯ ಪೊಟ್ಟಣವನ್ನು ಹಿಡಿದರು. ಮೊದಲು ಹತ್ತು ರೂಪಾಯಿಗೆ ಮುಗಿಯುತ್ತಿದ್ದ ಚಟಕ್ಕೆ ಈಗ ದಿನದ ಅರ್ಧ ಕೂಲಿ ಬೇಕಾಯಿತು, ಅಷ್ಟೇ ವ್ಯತ್ಯಾಸ. ಮಾದಕ ಪಾನೀಯಗಳನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ನಿರ್ದೇಶಿಸುತ್ತದೆ. 2025-26ರ ಮುಂಗಡಪತ್ರದಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ಸಂಗ್ರಹಿಸಲು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಪಕ್ಷ ಯಾವುದೇ ಇರಲಿ, ಈ ಗುರಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂದಿದೆ. ಒಂದು ಕೈಯಲ್ಲಿ ಜಾಗೃತಿ ಶಿಬಿರಕ್ಕೆ ಅನುದಾನ, ಇನ್ನೊಂದು ಕೈಯಲ್ಲಿ ಅಂಗಡಿಗೆ ಪರವಾನಗಿ!

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಹೊರಟ ಸಾವಿರಾರು ಮಹಿಳೆಯರು, ಅವರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದ ಕೂಲಿಕಾರರು, ಮದ್ಯ ನಿಷೇಧಕ್ಕಾಗಿ ಸುಮಾರು 200 ಕಿಲೋಮೀಟರ್ ನಡೆದು ಗಾಂಧೀಜಿ ಹುತಾತ್ಮರಾದ ದಿನವಾದ 30ರಂದು ಬೆಂಗಳೂರನ್ನು ತಲುಪಿದರು. ದಾರಿಯಲ್ಲಿ ಒಬ್ಬ ತಾಯಿ ಅಪಘಾತದಲ್ಲಿ ಪ್ರಾಣ ಕಳೆದುಕೊಂಡರು. ಅವರು ನಮ್ಮ ಜಿಲ್ಲೆಯ ನೆಲಮಂಗಲವನ್ನು ಹಾದುಹೋದರು. ನಮ್ಮ ಧರ್ಮಕೇಂದ್ರಗಳಿಂದ ಎಷ್ಟು ಜನ ಹೆದ್ದಾರಿಗೆ ಹೋಗಿ ಅವರಿಗೆ ಒಂದು ಲೋಟ ನೀರು ಕೊಟ್ಟೆವು? ನಾನಂತೂ ಹೋಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ಓದಿದೆ.

ಇನ್ನು ಎರಡನೆಯ ಪಾಠ. ಇದು ಮೊದಲಿನದಕ್ಕಿಂತ ಹೆಚ್ಚು ಜೀವ ತೆಗೆದಿದೆ ಎಂದು ನಾನು ನಂಬುತ್ತೇನೆ.

ಚಿತ್ರ ನೋಡಿದ ಮರುವರ್ಷದ ವಿಭೂತಿ ಬುಧವಾರದಂದು ಚಿಕ್ಕಪ್ಪ ಪೀಠದ ಮುಂದೆ ಮೊಣಕಾಲೂರಿ, ಇನ್ನು ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಿದರು. ಅವರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಂದು ಸಂಜೆಯಿಂದಲೇ ಕೈ ನಡುಗತೊಡಗಿತು, ಊಟ ಸೇರಲಿಲ್ಲ, ಮೈಯೆಲ್ಲ ಬೆವರಿತು. ಶುಕ್ರವಾರ ಬೆಳಿಗ್ಗೆ ಮೂರ್ಛೆ ಬಂದು ಮಗ್ಗದ ಪಕ್ಕದಲ್ಲೇ ಬಿದ್ದರು. ಶನಿವಾರ ರಾತ್ರಿ ಹಾಸಿಗೆಯ ಮೇಲೆ ಕುಳಿತು ಗಾಳಿಯಲ್ಲಿ ಇಲ್ಲದ ಎಳೆಗಳನ್ನು ಹಿಡಿದು ಗಂಟು ಹಾಕತೊಡಗಿದರು. ಎಳೆ ಕಡಿದುಹೋಗುತ್ತಿದೆ, ಮಗ್ಗ ನಿಲ್ಲಿಸು ಎಂದು ಚಿಕ್ಕಮ್ಮನನ್ನು ಗದರಿದರು. ಗಾಳಿ ಸೋಕಿದೆಯೆಂದು ನೆರೆಯವರು ಅಂದರು. ಪ್ರಮಾಣದಲ್ಲಿ ಏನೋ ಲೋಪವಾಗಿದೆ, ದೇವರಿಗೆ ಒಪ್ಪಿಗೆಯಾಗಿಲ್ಲ ಎಂದು ನಮ್ಮವರೇ ಒಬ್ಬರು ಅಂದರು. ಕೊನೆಗೆ ಯಾರೋ ಎರಡು ಚಮಚ ಬ್ರಾಂದಿ ಬಾಯಿಗೆ ಹಾಕಿದರು, ಅವರು ತಣ್ಣಗಾದರು. ಅವರ ದೇಹಕ್ಕೆ ಅದು ಬೇಕೇ ಬೇಕೆಂದು ಮನೆಯವರೆಲ್ಲ ತೀರ್ಮಾನಿಸಿದರು. ಪ್ರಮಾಣ ಮುರಿದ ಪಾಪಪ್ರಜ್ಞೆಯಲ್ಲಿ ಚಿಕ್ಕಪ್ಪ ಆ ಬಳಿಕ ಕೆಲವು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ಆ ಎಳೆಗಳ ಅರ್ಥವನ್ನು ಬಹುಕಾಲದ ನಂತರ ವೈದ್ಯರೊಬ್ಬರು ನನಗೆ ವಿವರಿಸಿದರು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ಮೆದುಳು ಅದು ಥಟ್ಟನೆ ನಿಂತಾಗ ಕೆರಳುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಮೊದಲ ಎರಡು ದಿನಗಳಲ್ಲಿ ಮೂರ್ಛೆ, ಮೂರು-ನಾಲ್ಕನೆಯ ದಿನ ಭ್ರಮೆ. ಭ್ರಮೆಯಲ್ಲಿ ರೋಗಿ ತನ್ನ ಕಸುಬಿನ ಕೆಲಸವನ್ನೇ ಗಾಳಿಯಲ್ಲಿ ಮಾಡುವುದುಂಟು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಶಮನಕಾರಿ ಮಾತ್ರೆಗಳನ್ನು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ, ಜೊತೆಗೆ ಥಯಾಮಿನ್ ಎಂಬ ಜೀವಸತ್ವವನ್ನು ನೀಡುತ್ತಾ ಸುಮಾರು ಒಂದು ವಾರದಲ್ಲಿ ಈ ಘಟ್ಟವನ್ನು ದಾಟಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ: ತಿಂಗಳುಗಟ್ಟಲೆ ಸಮಾಲೋಚನೆ, ಜಾರಿ ಬೀಳುವುದು, ಮತ್ತೆ ಏಳುವುದು. ಇದಾವುದನ್ನೂ ನಾವು ಕೇಳಿರಲಿಲ್ಲ. ನಮಗೆ ಗೊತ್ತಿದ್ದದ್ದು ಕಣ್ಣೀರು ಮತ್ತು ಪ್ರಮಾಣ, ಎರಡನ್ನೂ ತೆರೆಯ ಮೇಲೆ ನೋಡಿದ್ದೆವು.

ಇದೇ ವ್ಯಸನವನ್ನು ಕುರಿತು 1962ರಲ್ಲಿ ಅಮೆರಿಕದಲ್ಲಿ ಬಂದ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಎಂಬ ಚಿತ್ರವನ್ನು ನಾನು ಇತ್ತೀಚೆಗೆ ನೋಡಿದೆ. ಗಂಡ-ಹೆಂಡತಿ ಇಬ್ಬರೂ ಕುಡಿತಕ್ಕೆ ಬೀಳುತ್ತಾರೆ. ಬಚ್ಚಿಟ್ಟ ಒಂದು ಬಾಟಲಿಗಾಗಿ ಆ ಗಂಡ ಮಾವನ ಗಾಜಿನ ಮನೆಯಲ್ಲಿ ಬೆಳೆಸಿದ್ದ ಗಿಡಗಳನ್ನೆಲ್ಲ ಕಿತ್ತುಹಾಕುವ ದೃಶ್ಯವನ್ನು ನೋಡಿ ನನಗೆ ಚಿಕ್ಕಮ್ಮನ ಅಕ್ಕಿಯ ಡಬ್ಬ ನೆನಪಾಯಿತು. ಕೊನೆಗೆ ಗಂಡ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ನೆರವಿನಿಂದ ಒಂದೊಂದೇ ದಿನ ಎಣಿಸುತ್ತಾ ಬದುಕಲು ಕಲಿಯುತ್ತಾನೆ. ಹೆಂಡತಿ ಇನ್ನೆಂದಿಗೂ ಕುಡಿಯಬಾರದೆಂಬುದನ್ನು ಒಪ್ಪಲಾಗದೆ ಕತ್ತಲಲ್ಲಿ ನಡೆದುಹೋಗುತ್ತಾಳೆ. ಅವನ ಕಿಟಕಿಯಲ್ಲಿ ಬಾರಿನ ದೀಪ ಮಿನುಗುತ್ತಲೇ ಇರುತ್ತದೆ. ಯಾವ ಜಮೀನುದಾರನೂ ಬಂದು ಅದನ್ನು ಆರಿಸುವುದಿಲ್ಲ. ನಮ್ಮ ಸಭಾಂಗಣದಲ್ಲಿ ಈ ಚಿತ್ರ ತೋರಿಸಿದರೆ ಚಪ್ಪಾಳೆ ಬೀಳಲಾರದು.

ಈಗ ನಮ್ಮ ಔತಣಗಳ ಮಾತು. ಮಗುವಿನ ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ, ನಿಶ್ಚಿತಾರ್ಥ, ಮದುವೆ, ಯಾವುದಿರಲಿ, ‘ವ್ಯವಸ್ಥೆ’ ಇದೆಯೇ ಎಂದು ಪಿಸುಮಾತಿನಲ್ಲಿ ಕೇಳದ ಬಂಧುಗಳು ಎಷ್ಟು ಜನ? ಇದನ್ನು ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿರುತ್ತದೆ: ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ನೀರನ್ನು ದ್ರಾಕ್ಷಾರಸವಾಗಿಸಲಿಲ್ಲವೇ? ಈ ಉತ್ತರ ಕೊಡುವವರು ತಮ್ಮ ಧರ್ಮಸಭೆಯನ್ನೇ ಸರಿಯಾಗಿ ನೋಡಿಲ್ಲ. ಮದ್ಯವ್ಯಸನದಿಂದ ಬಳಲುವ ಗುರುಗಳು ಬಲಿಪೂಜೆಯಲ್ಲಿ, ಹುದುಗುವಿಕೆಯನ್ನು ಆರಂಭದಲ್ಲೇ ತಡೆದ ‘ಮುಸ್ತುಂ’ ಎಂಬ ದ್ರಾಕ್ಷಿಯ ರಸವನ್ನು ಧರ್ಮಾಧ್ಯಕ್ಷರ ಅನುಮತಿ ಪಡೆದು ಬಳಸಬಹುದೆಂದು ರೋಮ್ 2003ರಲ್ಲಿ ಸ್ಪಷ್ಟಪಡಿಸಿದೆ. ಬಲಿಪೀಠವೇ ಒಬ್ಬ ರೋಗಿಗಾಗಿ ಇಷ್ಟು ಸ್ಥಳ ಮಾಡಿಕೊಡುವಾಗ ನಮ್ಮ ಬಿರಿಯಾನಿಯ ಪಂಕ್ತಿಗೆ ಅದು ಸಾಧ್ಯವಿಲ್ಲವೇ? (ಮಾತು ಬಂದದ್ದರಿಂದ ಹೇಳುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯದ ವಿದ್ವಾಂಸರು 2001ರಲ್ಲಿ ರಾಜಘಟ್ಟದಲ್ಲಿ ಅಗೆದಾಗ ಬೌದ್ಧ ವಿಹಾರದ ಅವಶೇಷಗಳೂ ಮಣ್ಣಿನ ಪುಟ್ಟ ಸ್ತೂಪಗಳೂ ದೊರೆತವು. ಮಾದಕ ಪಾನೀಯಗಳನ್ನು ವರ್ಜಿಸುವುದು ಬೌದ್ಧರ ಪಂಚಶೀಲಗಳಲ್ಲೊಂದು. ಚಿಕ್ಕಪ್ಪ ಕುಡಿದು ಬೀಳುತ್ತಿದ್ದ ಊರಿನಲ್ಲಿಯೇ ಸಾವಿರ ವರ್ಷಗಳಿಗೂ ಹಿಂದೆ ಆ ಶೀಲವನ್ನು ಪಾಲಿಸುವವರು ಒಟ್ಟಾಗಿ ಬಾಳಿದ್ದರು. ಅವರೂ ಒಬ್ಬಂಟಿಯಾಗಿ ಅದನ್ನು ಪಾಲಿಸಲು ಹೋಗಲಿಲ್ಲ.)

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ವ್ಯಸನಮುಕ್ತಿಗಾಗಿ ಸರ್ಕಾರದ ಉಚಿತ ಸಹಾಯವಾಣಿ 14446ನ್ನು ದೇವಾಲಯದ ಸೂಚನಾಫಲಕದ ಮೇಲೆ ಬರೆಯಬಹುದು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಮೊದಲ ದಿನ ಜೊತೆಗೆ ಹೋಗಲು ಇಬ್ಬರು ಸಿದ್ಧರಿರಬಹುದು. ವಾರಕ್ಕೊಂದು ಸಂಜೆ ಸಭಾಂಗಣದ ಒಂದು ಕೋಣೆಯನ್ನು ಕುಡಿತ ಬಿಟ್ಟವರ ಸಂಘಕ್ಕೂ, ಇನ್ನೊಂದು ಸಂಜೆ ಅವರ ಹೆಂಡತಿ ಮಕ್ಕಳಿಗೂ ಬಿಟ್ಟುಕೊಡಬಹುದು. ಪ್ರಮಾಣ ಮಾಡಲು ಬಂದವನನ್ನು, ವೈದ್ಯರನ್ನು ಕಂಡಿದ್ದೀಯಾ ಎಂದು ಮೊದಲು ಕೇಳಬಹುದು.

ಚಿಕ್ಕಪ್ಪ ನಾಲ್ಕನೆಯ ಪ್ರಯತ್ನದಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದ ಮೇಲೆ ಕುಡಿತ ಬಿಟ್ಟರು. ಮೂರು ವರ್ಷಗಳ ನಂತರ ಹಿರಿಯ ಮಗಳ ಮದುವೆಯಾಯಿತು. ಮದ್ಯ ಇರಕೂಡದೆಂದು ಎರಡೂ ಕಡೆಯವರಿಗೆ ಕೈಮುಗಿದು ಹೇಳಿದ್ದರು. ಊಟದ ವೇಳೆಗೆ ಗಂಡಸರು ಒಬ್ಬೊಬ್ಬರಾಗಿ ಛತ್ರದ ಹಿಂದೆ ನಿಂತಿದ್ದ ಕಾರಿನ ಕಡೆಗೆ ಸರಿದರು. ಡಿಕ್ಕಿ ತೆರೆದಿತ್ತು. ಮಗಳನ್ನು ಒಪ್ಪಿಸಿಕೊಟ್ಟ ತಂದೆಯನ್ನು ಹೆಗಲಮೇಲೆ ಕೈಹಾಕಿ ಅಲ್ಲಿಗೆ ಕರೆದೊಯ್ದವರು ನಮ್ಮದೇ ಬಂಧುಗಳು. “ಭಾವ, ಇವತ್ತೊಂದಿನ ತಗೊಳ್ಳಿ, ಮಗಳ ಮದುವೆ” ಎಂದು ಲೋಟವನ್ನು ಕೈಗಿಟ್ಟರು. ಚಿಕ್ಕಪ್ಪ ಅದನ್ನು ಕಾರಿನ ಮೇಲಿಟ್ಟು ಒಳಗೆ ಬಂದು, ಊಟ ಮಾಡುತ್ತಿದ್ದ ಚಿಕ್ಕಮ್ಮನ ಪಕ್ಕದಲ್ಲಿ ಕುಳಿತು, ರಾಜಘಟ್ಟದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನನ್ನನ್ನು ಕೇಳಿದರು.